ತಾರೀಕು ಹೇಳಿ, ಕಾಯುತ್ತೇವೆ

ಮಾನ್ಯ ಶಿಕ್ಷಣ ಸಚಿವರಿಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಹಿರಿಯ ಅಧಿಕಾರಿಗಳಿಗೆ, ಮತ್ತು ನನ್ನ ಹಾಗೆ ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿರುವ ಎಲ್ಲ ತಂದೆ ತಾಯಂದಿರಿಗೆ,

ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಒಂದು ಹೋಬಳಿ ಊರಿನವನು. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅದರಲ್ಲೇ ಎರಡು ಕಂಪ್ಯೂಟರ್ ಇಟ್ಟುಕೊಂಡು ಆನ್‌ಲೈನ್ ಕೆಲಸ ಮಾಡಿಕೊಡುತ್ತೇನೆ. ಹದಿಮೂರು ವರ್ಷವಾಯಿತು. ಪಹಣಿ, ಜಾತಿ ಆದಾಯ ಪ್ರಮಾಣ ಪತ್ರ, ಸ್ಕಾಲರ್‌ಶಿಪ್ ಅರ್ಜಿ, ಬೆಳೆ ವಿಮೆ, ಹೀಗೆ ವರ್ಷವಿಡೀ ಏನಾದರೊಂದು ಕೆಲಸ ಇರುತ್ತದೆ. ಬೇಸಿಗೆ ಬಂತೆಂದರೆ ಹತ್ತನೇ ಕ್ಲಾಸಿನ ರಿಸಲ್ಟ್. ಸುತ್ತಲಿನ ಏಳೆಂಟು ಹಳ್ಳಿಯ ಮಕ್ಕಳು ನನ್ನ ಅಂಗಡಿಗೇ ಬರುತ್ತಾರೆ. ಅವರ ರಿಸಲ್ಟನ್ನು ಅವರಿಗಿಂತ ಒಂದು ಗಳಿಗೆ ಮೊದಲು ನೋಡುವವನು ನಾನು. ಈ ವರ್ಷ ನನ್ನ ಮಗಳದ್ದನ್ನೂ ಹಾಗೆಯೇ ನೋಡಿದೆ.

ಇವತ್ತು 2025ರ ಜೂನ್ 8, ಭಾನುವಾರ. ಎಸ್ಸೆಸ್ಸೆಲ್ಸಿ ಎರಡನೇ ಪರೀಕ್ಷೆ ಮೇ 26ಕ್ಕೆ ಶುರುವಾಗಿ ಜೂನ್ 2ಕ್ಕೆ ಮುಗಿಯಿತು. ಅದರ ರಿಸಲ್ಟ್ ಯಾವತ್ತು ಅಂತ ನನಗೆ ಗೊತ್ತಿಲ್ಲ. ನನ್ನ ಮಗಳಿಗೂ ಗೊತ್ತಿಲ್ಲ. ದಿನಾ ಅಂಗಡಿಗೆ ಬಂದು ಕೇಳುವ ಹುಡುಗರಿಗೂ ಗೊತ್ತಿಲ್ಲ, ಅವರಿಗೆ ಪಾಠ ಹೇಳಿದ ಸರ್‌ಗಳಿಗೂ ಗೊತ್ತಿಲ್ಲ. ನಾನು ನಿಮ್ಮ ಹತ್ತಿರ ಕೇಳಲು ಬಂದಿರುವುದು ದೊಡ್ಡ ವಿಷಯವೇನಲ್ಲ. ಆದರೆ ಅದು ಯಾಕೆ ಬೇಕು ಅಂತ ಹೇಳಬೇಕಾದರೆ ಮೇ 2ರಿಂದ ಶುರು ಮಾಡಬೇಕು.

ಅವತ್ತು ಶುಕ್ರವಾರ. ಬಸವ ಜಯಂತಿ ಮುಗಿದು ಎರಡು ದಿನವಾಗಿತ್ತು. ಮೊದಲ ಪರೀಕ್ಷೆಯ ರಿಸಲ್ಟ್ ಬರುತ್ತದೆ ಅಂತ ಗೊತ್ತಾಗಿ ಬೆಳಿಗ್ಗೆಯಿಂದಲೇ ಜನ ಸೇರಿದ್ದರು. ಬಿಸಿಲು ಹೇಗಿತ್ತು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹುಡುಗರು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಹುಡುಗಿಯರು ರಸ್ತೆಯ ಆಚೆ ಬೇವಿನ ಮರದ ಕೆಳಗೆ. ಹುಡುಗಿಯರು ಒಳಗೆ ಬರುವುದು ಕಡಿಮೆ. ಹಾಲ್ ಟಿಕೆಟ್ಟನ್ನು ತಮ್ಮನ ಕೈಯಲ್ಲೋ ಚಿಕ್ಕಪ್ಪನ ಕೈಯಲ್ಲೋ ಕೊಟ್ಟು ಕಳಿಸಿ, ಅಲ್ಲಿಂದಲೇ ನನ್ನ ಮುಖ ನೋಡುತ್ತಿರುತ್ತಾರೆ. ರಾಜ್ಯದ ಮಕ್ಕಳೆಲ್ಲಾ ಒಂದೇ ಸಲ ಒಂದೇ ಪುಟ ತೆರೆಯಲು ಕೂತರೆ ಏನಾಗಬೇಕೋ ಅದೇ ಆಯಿತು. ಪುಟ ಸುತ್ತುತ್ತಲೇ ಇತ್ತು. ಬಾಗಿಲಲ್ಲಿದ್ದವರು ಉಸಿರು ಬಿಗಿ ಹಿಡಿದು ನಿಂತಿದ್ದರು.

ನನ್ನದೊಂದು ಪದ್ಧತಿ ಇದೆ. ಪಾಸಾಗಿದ್ದರೆ ಜೋರಾಗಿ ಹೇಳುತ್ತೇನೆ. ಫೇಲಾಗಿದ್ದರೆ ಬಾಯಿ ಬಿಡುವುದಿಲ್ಲ. ಪ್ರಿಂಟ್ ತೆಗೆದು, ಮಡಚಿ, ಕೈಗೆ ಕೊಡುತ್ತೇನೆ. ಮಗುವಿನ ಮರ್ಯಾದೆ ಉಳಿಯಲಿ ಅಂತ ಮಾಡಿಕೊಂಡು ಬಂದದ್ದು. ಆದರೆ ಇಷ್ಟು ವರ್ಷದಲ್ಲಿ ಅದು ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ನಾನು ಕಾಗದ ಮಡಚಿದೆ ಅಂದರೆ ಸಾಕು, ಬೇವಿನ ಮರದ ತನಕ ಸುದ್ದಿ ಮುಟ್ಟುತ್ತದೆ. ಇದು ನನಗೆ ತಿಳಿದದ್ದು ಈ ವರ್ಷವೇ. ಒಬ್ಬ ಹುಡುಗ ಮೊದಲೇ ಹತ್ತಿರ ಬಂದು ಕಿವಿಯಲ್ಲಿ ಹೇಳಿದ, "ಅಣ್ಣಾ, ನಂದು ಮಡಚಬ್ಯಾಡ್ರಿ. ಏನರೆ ಇರ್ಲಿ, ಹಂಗೇ ಕೊಡ್ರಿ." ಅವನು ಪಾಸಾಗಿದ್ದ. ಆದರೂ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಮಧ್ಯಾಹ್ನ ಒಂದೂವರೆ ಹೊತ್ತಿಗೆ ಜನ ಸ್ವಲ್ಪ ಕಡಿಮೆಯಾದಾಗ ಮಗಳ ನಂಬರ್ ಹಾಕಿದೆ. ಗಣಿತ ಹೋಗಿತ್ತು. ವಿಜ್ಞಾನವೂ ಹೋಗಿತ್ತು. ಹಿಂದೆ ಯಾರೋ ನಿಂತಿದ್ದರು. ನಾನು ತಟ್ಟನೆ ಪುಟ ಮುಚ್ಚಿಬಿಟ್ಟೆ. ಅಷ್ಟರಲ್ಲಿ ಅವಳದೇ ಫೋನ್ ಬಂತು. "ಬಂತೇನಪ್ಪಾ?" ಅಂದಳು. "ಇಲ್ಲವ್ವಾ, ಸರ್ವರ್ ಬಿಜಿ ಅದಾ" ಅಂದೆ. ಆಮೇಲೆ ಎರಡು ಮೂರು ಗಂಟೆ ಬೇರೆಯವರ ಮಕ್ಕಳ ರಿಸಲ್ಟ್ ತೆಗೆಯುತ್ತಾ ಕೂತೆ. ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಸಂಜೆ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಗೆಳತಿಯ ಅಣ್ಣ ಯಾವಾಗಲೋ ಮೊಬೈಲಿನಲ್ಲಿ ನೋಡಿ ಹೇಳಿಯಾಗಿತ್ತು. ತಲೆ ಎತ್ತದೆ ಕೇಳಿದಳು, "ನಿನಗ ಮೊದಲೇ ಗೊತ್ತಿತ್ತಲ್ಲಪ್ಪಾ?"

ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೆ ರಿಸಲ್ಟ್ ಅನ್ನುವುದು ಒಂದು ಮನೆಗೆ ಹೇಗೆ ಬಂದು ಮುಟ್ಟುತ್ತದೆ ಅಂತ ನಿಮಗೆ ಗೊತ್ತಾಗಬೇಕು. ಬೆಂಗಳೂರಿನಲ್ಲಿ ಪತ್ರಿಕಾಗೋಷ್ಠಿ ಮುಗಿಯುವ ಹೊತ್ತಿಗೆ ಇಲ್ಲಿ ಇನ್ನೂ ಏನೂ ಮುಗಿದಿರುವುದಿಲ್ಲ.

ಅವತ್ತು ನೀವು ಹೇಳಿದ ಲೆಕ್ಕ ನನಗೆ ನೆನಪಿದೆ. 22 ಮಕ್ಕಳು 625ಕ್ಕೆ 625 ತೆಗೆದಿದ್ದಾರೆ. ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ. ಅದರ ಹಿಂದಿನ ವರ್ಷ ಕೊನೆಯಲ್ಲಿದ್ದದ್ದು ನಮ್ಮ ಯಾದಗಿರಿ. ಪರೀಕ್ಷೆ ಬರೆದವರು 8,42,173 ಮಕ್ಕಳು, ಪಾಸಾದವರು 5,24,984. ಕಳೆದು ನೋಡಿದೆ. 3,17,189 ಬಂತು. ಟಿವಿಯಲ್ಲಿ ಆ 22 ಮಕ್ಕಳ ಮನೆ, ಅವರ ತಾಯಿ ತಿನ್ನಿಸುವ ಸಿಹಿ, ಮುಂದೆ ಏನಾಗಬೇಕು ಅಂತ ಕೇಳುವ ಪ್ರಶ್ನೆ, ಎಲ್ಲಾ ಬಂತು. ಆ ಮಕ್ಕಳು ಚೆನ್ನಾಗಿರಲಿ. ಅವರ ಶ್ರಮ ದೊಡ್ಡದು. ಉಳಿದ ಮೂರು ಲಕ್ಷದ ಮೇಲಿನ ಮಕ್ಕಳು ಅವತ್ತು ರಾತ್ರಿ ಏನು ಉಂಡರು, ಯಾರು ಅವರ ಪಕ್ಕ ಕೂತಿದ್ದರು ಅಂತ ಯಾರೂ ಕೇಳಲಿಲ್ಲ.

ಒಂದು ಮನೆಯ ಸುದ್ದಿ ಮಾತ್ರ ಬಂತು. ಬಾಗಲಕೋಟೆಯಲ್ಲಿ ಆರೂ ವಿಷಯದಲ್ಲಿ ಫೇಲಾದ ಮಗನಿಗೆ ತಂದೆ ತಾಯಿ ಕೇಕ್ ಕತ್ತರಿಸಿ ಧೈರ್ಯ ಹೇಳಿದರು. ಕೆಲವರು ಅದನ್ನು ನೋಡಿ ನಕ್ಕರು. ಫೇಲಾದದ್ದಕ್ಕೂ ಕೇಕಾ ಅಂದರು. ನಾನು ಆ ಸುದ್ದಿಯನ್ನು ಮೊಬೈಲಿನಲ್ಲಿ ಮೂರು ಸಲ ಓದಿದೆ. ನಾನು ಮೇ 2ರಂದು ಮಾಡಲಾಗದ ಕೆಲಸವನ್ನು ಆ ತಂದೆ ಮಾಡಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರು ಪರೀಕ್ಷೆಯ ಪದ್ಧತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಮೊದಲು ಸಪ್ಲಿಮೆಂಟರಿ ಅಂದರೆ ಹಣೆಪಟ್ಟಿ ಕಟ್ಟಿದ ಹಾಗೆ ಇತ್ತು. ಈಗ ಒಂದನೇ ಪರೀಕ್ಷೆ, ಎರಡನೇ ಪರೀಕ್ಷೆ, ಮೂರನೇ ಪರೀಕ್ಷೆ. ಯಾವುದರಲ್ಲಿ ಜಾಸ್ತಿ ಬರುತ್ತದೋ ಅದೇ ಅಂಕ ಉಳಿಯುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಇದು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದ್ದೂ ಸರಿಯೇ. ಕಾಪಿ ಹೊಡೆದು ಪಾಸಾದ ಕಾಗದ ನಾಳೆ ಯಾರಿಗೂ ಅನ್ನ ಹಾಕುವುದಿಲ್ಲ ಅಂತ ನಾನು ಅಂಗಡಿಯಲ್ಲೇ ಕೂತು ನೋಡಿದ್ದೇನೆ. ಅರ್ಜಿಯಲ್ಲಿ ತನ್ನ ಹೆಸರು ಬರೆಯಲು ತಡವರಿಸುವ ಹುಡುಗರು ಬರುತ್ತಾರೆ, ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಇರುತ್ತದೆ.

ಆದರೆ ಕ್ಯಾಮೆರಾ ಬಂದ ಮೇಲೆ ಏನಾಯಿತು ಅಂತಲೂ ನೋಡಬೇಕಲ್ವಾ? 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಈ ವರ್ಷ ಒಟ್ಟು ಶೇ 62.34. ನಿಜ ಹೊರಗೆ ಬಂತು, ಬರಲಿ. ಆದರೆ ಆ ನಿಜದ ಭಾರವನ್ನೆಲ್ಲಾ ಹೊತ್ತದ್ದು ಹದಿನಾರು ವರ್ಷದ ಮಕ್ಕಳು. ನನ್ನ ಮಗಳ ಶಾಲೆಯಲ್ಲಿ ದಸರಾ ರಜೆಯ ತನಕ ಗಣಿತಕ್ಕೆ ಸರ್ ಇರಲಿಲ್ಲ. ಆಮೇಲೆ ಬಂದ ಅತಿಥಿ ಶಿಕ್ಷಕರು ಒಳ್ಳೆಯವರು. ಸಂಜೆ ಆರರ ತನಕ ಕೂರಿಸಿ ಹೇಳಿಕೊಟ್ಟರು. ಆದರೆ ಅರ್ಧ ವರ್ಷ ಕಳೆದುಹೋಗಿತ್ತು. ಅದು ಮಾರ್ಕ್ಸ್ ಕಾರ್ಡಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಅವಳ ಹೆಸರಿನ ಮುಂದೆ ಅಂಕ ಮಾತ್ರ ಇರುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮೊದಲ ಪರೀಕ್ಷೆಗೆ ಕಾಯುವಾಗ ಇಡೀ ಊರು ಜೊತೆಗೆ ಕಾಯುತ್ತದೆ. ಎಲ್ಲರ ಮನೆಯಲ್ಲೂ ಒಂದೇ ಮಾತು. ಭಯವಿದ್ದರೂ ಹಂಚಿಕೊಳ್ಳಲು ಜನ ಇರುತ್ತಾರೆ. ಎರಡನೇ ಪರೀಕ್ಷೆಯ ಕಾಯುವಿಕೆ ಹಾಗಲ್ಲ. ಅದು ಬಾಗಿಲು ಹಾಕಿಕೊಂಡು ಕಾಯುವುದು. ಗೆಳತಿಯರು ಪಿಯುಸಿ ಸೇರಿದ್ದಾರೆ. ಅವರ ಹೊಸ ಚೂಡಿದಾರ, ಹೊಸ ಬ್ಯಾಗು, ಬೆಳಿಗ್ಗೆ ಎಂಟಕ್ಕೆ ನನ್ನ ಅಂಗಡಿಯ ಮುಂದೆಯೇ ಬಸ್ ಹತ್ತುತ್ತಾರೆ. ನನ್ನ ಮಗಳು ಆ ಹೊತ್ತಿಗೆ ನೀರಿಗೂ ಹೊರಗೆ ಬರುವುದಿಲ್ಲ. ಬಸ್ ಹೋದ ಮೇಲೆ ಕೊಡ ತೆಗೆದುಕೊಂಡು ಹೋಗುತ್ತಾಳೆ. ಅವಳು ಯಾರಿಗೂ ಏನೂ ಹೇಳುವುದಿಲ್ಲ. ಊಟ ಮಾಡುತ್ತಾಳೆ, ಕೆಲಸ ಮಾಡುತ್ತಾಳೆ. ರಾತ್ರಿ ಮಾತ್ರ ನನ್ನ ಹೆಂಡತಿ ಎದ್ದು ಎರಡು ಮೂರು ಸಲ ಅವಳು ಮಲಗಿದ ಕಡೆ ನೋಡಿ ಬರುತ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ. ಅವಳೂ ಹೇಳಿಲ್ಲ. ನಮ್ಮಿಬ್ಬರಿಗೂ ಗೊತ್ತು.

ಪುಸ್ತಕ ಓದಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಎರಡನೇ ಪರೀಕ್ಷೆಯಲ್ಲಿ ಪಾಸಾಗಿದ್ದರೆ ಕಾಲೇಜಿಗೆ ಓಡಬೇಕು. ಆಗಿಲ್ಲ ಅಂದರೆ ಮೂರನೇ ಪರೀಕ್ಷೆಗೆ ಓದಬೇಕು. ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಮಕ್ಕಳು ಸುಮ್ನೆ ಕೂತಿದ್ದಾರೆ. ವಾಟ್ಸಾಪಿನಲ್ಲಿ ದಿನಕ್ಕೊಂದು ತಾರೀಕು ಬರುತ್ತದೆ. ನಾಳೆ ಅಂತ ಒಬ್ಬ ಹಾಕುತ್ತಾನೆ, ಶುಕ್ರವಾರ ಅಂತ ಇನ್ನೊಬ್ಬ. ಪ್ರತಿ ಸಲವೂ ಮಕ್ಕಳು ಹಾಲ್ ಟಿಕೆಟ್ ಹಿಡಿದು ಬರುತ್ತಾರೆ. ನಾನು ಪುಟ ತೆರೆದು ತೋರಿಸುತ್ತೇನೆ, ಏನೂ ಬಂದಿಲ್ಲ ನೋಡಪ್ಪಾ ಅಂತ. ಹೊರಟು ಹೋಗುತ್ತಾರೆ. ಹೀಗೆ ಒಂದೇ ಮಗುವನ್ನು ನಾಲ್ಕು ಸಲ ಹೆದರಿಸಿದ ಹಾಗಾಗುತ್ತದೆ.

ನಮ್ಮ ಕಡೆ ಇದು ಬರೀ ಮನಸ್ಸಿನ ನೋವಷ್ಟೇ ಅಲ್ಲ. ಜೂನ್ ತಿಂಗಳು ನಮ್ಮಲ್ಲಿ ತೀರ್ಮಾನದ ತಿಂಗಳು. ಈ ವಾರ ಕಾರಹುಣ್ಣಿಮೆ. ಅದು ಮುಗಿದರೆ ಬಿತ್ತನೆ ಕಡೆಗೆ ಎಲ್ಲರ ಗಮನ. ಹೊಲ ಇಲ್ಲದವರು, ಹೊಲ ಇದ್ದೂ ಸಾಲ ಇರುವವರು ಗುಳೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಏಳುವ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡುಗಳಲ್ಲಿ ಇರುವವರಲ್ಲಿ ನಮ್ಮ ಜಿಲ್ಲೆಯವರು ಎಷ್ಟಿದ್ದಾರೆ ಅಂತ ಅಲ್ಲಿ ಹೋಗಿ ಮಾತಾಡಿಸಿದರೆ ಗೊತ್ತಾಗುತ್ತದೆ.

ಮೊನ್ನೆ ಗುರುವಾರ ಒಬ್ಬರು ಬಂದಿದ್ದರು. ಅವರ ಮಗ ಎರಡನೇ ಪರೀಕ್ಷೆ ಬರೆದಿದ್ದಾನೆ. ಇಂಗ್ಲಿಷ್ ಒಂದೇ ಉಳಿದಿತ್ತು. "ಯಾವಾಗ ಬರ್ತದ್ರಿ ರಿಜಲ್ಟ್?" ಅಂದರು. "ಇನ್ನಾ ಹೇಳಿಲ್ರಿ" ಅಂದೆ. "ಅಂದಾಜರೆ ಹೇಳ್ರಿ. ಮೇಸ್ತ್ರಿ ದಿನಾ ಫೋನ್ ಮಾಡಲಿಕ್ಕತ್ಯಾನ. ಇಬ್ಬರೂ ಬರ್ರಿ ಅಂತಾನ. ಹುಡುಗ ಪಾಸಾಗ್ಯಾನಂದ್ರ ನಾ ಒಬ್ಬನೇ ಹೋಗ್ತೀನಿ. ಇಲ್ಲಂದ್ರ ಸಂಗಾಟ ಕರ್ಕೊಂಡು ಹೋಗ್ತೀನಿ." ನನಗೆ ಅಂದಾಜು ಹೇಳಲು ಬರಲಿಲ್ಲ. ಸುಳ್ಳು ತಾರೀಕು ಹೇಳಿದರೆ ಅವರ ಕೂಲಿ ಹೋಗುತ್ತದೆ. ಶನಿವಾರ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಅಪ್ಪ ಮಗ ಇಬ್ಬರೂ ಹೋದರು ಅಂತ ಕೇಳಿದೆ. ಆ ಹುಡುಗ ಪಾಸಾಗಿರಬಹುದು. ರಿಸಲ್ಟ್ ಬಂದ ದಿನ ಅವನು ತಲೆ ಮೇಲೆ ಇಟ್ಟಿಗೆ ಹೊತ್ತುಕೊಂಡು ಮೂರನೇ ಮಹಡಿಗೆ ಹತ್ತುತ್ತಿರುತ್ತಾನೆ. ಮತ್ತೆ ಬಂದು ಕಾಲೇಜು ಸೇರುತ್ತಾನಾ? ಹದಿಮೂರು ವರ್ಷದಲ್ಲಿ ನಾನು ನೋಡಿದ ಹಾಗೆ, ಒಮ್ಮೆ ಕೈಗೆ ಕೂಲಿ ಬಂದ ಹುಡುಗ ಮತ್ತೆ ಬೆಂಚಿನ ಮೇಲೆ ಕೂರುವುದು ಬಹಳ ಕಡಿಮೆ.

ಹುಡುಗಿಯರದ್ದು ಇನ್ನೂ ಕಷ್ಟ. ಫೇಲಾಗಿ ಮನೆಯಲ್ಲಿ ಕೂತ ಹುಡುಗಿಗೆ ಗಂಡು ನೋಡಲು ಯಾರೋ ಒಬ್ಬರು ಬಂದೇ ಬರುತ್ತಾರೆ. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು ಅಪರಾಧ ಅಂತ ಎಲ್ಲರಿಗೂ ಗೊತ್ತು. ಆದರೂ ಮಾತುಕತೆ ಶುರುವಾಗುತ್ತದೆ. ಶಾಲೆಗೆ ಹೋಗುತ್ತಿರುವ ತನಕ "ಹುಡುಗಿ ಓದಲಿಕ್ಕತ್ಯಾಳ" ಅನ್ನುವ ಒಂದು ಮಾತು ಅವಳನ್ನು ಕಾಯುತ್ತಿರುತ್ತದೆ. ಮೇ 2ರಿಂದ ಇವತ್ತಿನ ತನಕ ಆ ಮಾತು ಇಲ್ಲದೆ ಎಷ್ಟು ಹುಡುಗಿಯರು ಕೂತಿದ್ದಾರೋ. ನನ್ನ ಮಗಳಿಗೆ ಹೀಗೆ ಕೇಳಿಕೊಂಡು ಬಂದವರಿಗೆ ನಾನು ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸಿದೆ. ಹಾಗೆ ಉತ್ತರ ಕೊಡಲು ಎಲ್ಲ ತಂದೆಯರಿಗೂ ಆಗುವುದಿಲ್ಲ. ಅವರಿಗೆ ಹೇಳಿಕೊಳ್ಳಲು ಏನಾದರೊಂದು ಬೇಕು. "ಇಂಥ ತಾರೀಕಿಗೆ ರಿಸಲ್ಟ್ ಅದಾ, ಅಲ್ಲಿ ತನಕ ಸುಮ್ಮನಿರ್ರಿ" ಅನ್ನಲು ಒಂದು ತಾರೀಕು ಬೇಕು.

ಅದಕ್ಕೇ ನಾನು ಕೇಳುವುದು ಇಷ್ಟೇ. ಪರೀಕ್ಷೆಯ ವೇಳಾಪಟ್ಟಿ ಕೊಡುವಾಗಲೇ ರಿಸಲ್ಟಿನ ತಾರೀಕನ್ನೂ ಕೊಡಿ. ಮೂರೂ ಪರೀಕ್ಷೆಗೂ ಕೊಡಿ.

ಇದು ಆಗದ ಕೆಲಸವಲ್ಲ. ಪಕ್ಕದ ತಮಿಳುನಾಡು ಮಾಡಿದೆ. 2024ರ ಅಕ್ಟೋಬರಿನಲ್ಲಿ ಅವರು ಪರೀಕ್ಷೆಯ ವೇಳಾಪಟ್ಟಿ ಹೇಳಿದಾಗಲೇ ರಿಸಲ್ಟ್ ಯಾವತ್ತು ಅಂತಲೂ ಹೇಳಿದರು. ಹನ್ನೆರಡನೇ ತರಗತಿಗೆ 2025ರ ಮೇ 9, ಹತ್ತನೇ ತರಗತಿಗೆ ಮೇ 19. ಏಳು ತಿಂಗಳು ಮೊದಲು. ಕೊನೆಗೆ ಹನ್ನೆರಡರದ್ದು ಮೇ 8ಕ್ಕೆ ಬಂತು, ಹತ್ತರದ್ದು ಮೇ 16ಕ್ಕೆ. ಹೇಳಿದ್ದಕ್ಕಿಂತ ಮೊದಲೇ ಬಂತು. ಅಲ್ಲಿಯ ಒಬ್ಬ ಕೂಲಿಕಾರ ತಂದೆ ಅಕ್ಟೋಬರಿನಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದಿತ್ತು. ನಮ್ಮವರಿಗೂ ಅದು ಸಿಗಬೇಕು.

ಬೇಗ ಕೊಡಿ ಅಂತ ನಾನು ಕೇಳುತ್ತಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಉತ್ತರ ಪತ್ರಿಕೆ ತಿದ್ದುವವರೂ ಮನುಷ್ಯರೇ. ಬಿಸಿಲಲ್ಲಿ ದಿನವಿಡೀ ಕೂತು ಬೇರೆಯವರ ಕೈಬರಹ ಓದುವುದು ಸುಲಭವಲ್ಲ. ಅವಸರ ಮಾಡಿದರೆ ಏನಾಗುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತು, ಯಾಕೆಂದರೆ ತೆಲಂಗಾಣ ನಮ್ಮ ಜಿಲ್ಲೆಯ ಪಕ್ಕದಲ್ಲೇ ಇದೆ. 2019ರ ಏಪ್ರಿಲಿನಲ್ಲಿ ಅಲ್ಲಿಯ ಇಂಟರ್‌ಮೀಡಿಯೆಟ್, ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ, ಅದರ ರಿಸಲ್ಟಿನಲ್ಲಿ ತಪ್ಪುಗಳಾದವು. ಪರೀಕ್ಷೆ ಬರೆದ ಮಕ್ಕಳಿಗೆ ಗೈರುಹಾಜರಿ ಅಂತ ಬಂದಿತ್ತು. ಸರ್ಕಾರ ಸಮಿತಿ ಮಾಡಿತು. ಫೇಲಾದ ಎಲ್ಲ ಮಕ್ಕಳ ಪತ್ರಿಕೆಗಳನ್ನು ಮತ್ತೆ ನೋಡಬೇಕಾಯಿತು. ಅಷ್ಟರಲ್ಲಿ ಆ ರಾಜ್ಯ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಕಳೆದುಕೊಂಡಿತ್ತು. ಗಡಿ ಈಚೆಗೆ ನಮ್ಮ ಬೀಗರು ನೆಂಟರ ಮನೆಗಳಲ್ಲೂ ಅವತ್ತು ಅದೇ ಮಾತು. ಆದ್ದರಿಂದ ಎಷ್ಟು ದಿನ ಬೇಕೋ ಅಷ್ಟು ತೆಗೆದುಕೊಳ್ಳಿ. ಹತ್ತು ದಿನವಾದರೆ ಹತ್ತು, ಹದಿನೈದಾದರೆ ಹದಿನೈದು. ಎಷ್ಟು ಅಂತ ಮೊದಲೇ ಹೇಳಿ. ಗೊತ್ತಿರುವ ಹದಿನೈದು ದಿನ ಕಾಯಬಹುದು. ಗೊತ್ತಿಲ್ಲದ ಐದು ದಿನ ಕಾಯುವುದು ಕಷ್ಟ.

ತಾರೀಕಿನ ಜೊತೆಗೆ ಇನ್ನೂ ಕೆಲವು ಮಾತುಗಳಿವೆ. ರಿಸಲ್ಟ್ ಬರುವ ದಿನ ಹೈಸ್ಕೂಲುಗಳ ಬಾಗಿಲು ತೆರೆದಿರಲಿ. ಮುಖ್ಯ ಶಿಕ್ಷಕರು, ಕ್ಲಾಸ್ ಟೀಚರ್ ಅಲ್ಲಿರಲಿ. ಮಗು ರಿಸಲ್ಟನ್ನು ನನ್ನ ಅಂಗಡಿಯಲ್ಲಿ, ಐವತ್ತು ಜನರ ಮುಂದೆ, ಮಡಚಿದ ಕಾಗದದಲ್ಲಿ ತಿಳಿಯಬಾರದು. ತನಗೆ ಪಾಠ ಹೇಳಿದವರ ಎದುರು, ಒಂದು ಕೋಣೆಯಲ್ಲಿ ಕೂತು ತಿಳಿಯಬೇಕು. ಇದರಿಂದ ನನ್ನ ಅಂಗಡಿಗೆ ಒಂದು ದಿನದ ವ್ಯಾಪಾರ ಹೋಗುತ್ತದೆ. ಹೋಗಲಿ. ಆ ದಿನದ ಹಣ ನನಗೆ ಬೇಡ. ಅಲ್ಲೇ ಆ ಸರ್ "ಇಷ್ಟು ಅಂಕ ಕಡಿಮೆ ಬಂದಿದೆ, ಮುಂದಿನ ಪರೀಕ್ಷೆಗೆ ಇಂಥ ದಿನದಿಂದ ಕ್ಲಾಸು ಮಾಡುತ್ತೇನೆ, ಬಾ" ಅಂತ ಒಂದು ಮಾತು ಹೇಳಿದರೆ ಮಗು ಮನೆಗೆ ಬರೀ ಸೋಲು ತೆಗೆದುಕೊಂಡು ಹೋಗುವುದಿಲ್ಲ. ನಮ್ಮ ಸುತ್ತಲಿನ ಒಂದು ಶಾಲೆ ಈ ವರ್ಷ ಪಾಸಾದವರ ಹೆಸರಿನ ಕೆಳಗೆ ಫೇಲಾದವರ ಹೆಸರನ್ನೂ ಬೋರ್ಡಿನ ಮೇಲೆ ಹಚ್ಚಿತ್ತು. ಯಾವ ಶಾಲೆ ಅಂತ ನಾನು ಹೇಳುವುದಿಲ್ಲ. ಕೆಟ್ಟ ಉದ್ದೇಶ ಇತ್ತು ಅಂತಲೂ ಹೇಳುವುದಿಲ್ಲ. ಹಾಗೆ ಮಾಡಬೇಡಿ ಅಂತ ನೀವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಮುಂದಿನ ವರ್ಷ ಯಾರೂ ಮಾಡುವುದಿಲ್ಲ.

ಇನ್ನೊಂದು ಸಣ್ಣ ಕೆಲಸ. 14416 ಅಂತ ಒಂದು ನಂಬರ್ ಇದೆ. ಟೆಲಿ ಮಾನಸ್, ಮನಸ್ಸಿಗೆ ಕಷ್ಟವಾದವರು ಫೋನ್ ಮಾಡುವ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಹಣ ಕೊಡದೆ ಮಾತಾಡಬಹುದು, ಕನ್ನಡದಲ್ಲೇ. ನನಗೆ ಇದು ಗೊತ್ತಾದದ್ದು ಮೇ 2 ಕಳೆದ ಮೇಲೆ. ನಾನು ತೆಗೆದ ಅಷ್ಟೊಂದು ಪ್ರಿಂಟಿನಲ್ಲಿ ಒಂದರಲ್ಲೂ ಆ ನಂಬರ್ ಕಾಣಲಿಲ್ಲ. ರಿಸಲ್ಟ್ ಬರುವ ಪುಟದಲ್ಲೇ, ಅಂಕದ ಕೆಳಗೆ, ದೊಡ್ಡ ಅಕ್ಷರದಲ್ಲಿ ಅದನ್ನು ಹಾಕಿ. ಮುಂದಿನ ಪರೀಕ್ಷೆಗೆ ಹಣ ಕಟ್ಟುವ ಕೊನೆಯ ದಿನ, ಉತ್ತರ ಪತ್ರಿಕೆಯ ನಕಲು ಮತ್ತು ಮರು ಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಕೊನೆಯ ದಿನ, ಇವೂ ಅಲ್ಲೇ ಇರಲಿ. ಕೊನೆಯ ದಿನ ಕಳೆದ ಮೇಲೆ ಓಡಿ ಬರುವವರು ಪ್ರತಿ ವರ್ಷ ಇರುತ್ತಾರೆ. ಅವರನ್ನು ವಾಪಸ್ ಕಳಿಸುವುದು ನನ್ನ ಕೆಲಸದಲ್ಲೇ ಕೆಟ್ಟ ಕೆಲಸ. ಈಗ ಸದ್ಯಕ್ಕೆ ನಾನೇ 14416 ಅಂತ ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡಿದ್ದೇನೆ. ಇನ್ನು ಮುಂದೆ ಪ್ರತಿ ಪ್ರಿಂಟಿನ ಕೆಳಗೂ ಒತ್ತಿ ಕೊಡುತ್ತೇನೆ, ಪಾಸಾದವರಿಗೂ.

ಪತ್ರಿಕಾಗೋಷ್ಠಿಯಲ್ಲಿ ಮೊದಲ ಸ್ಥಾನದವರ ಪಟ್ಟಿ ಓದುವುದನ್ನು ನಿಲ್ಲಿಸಬಹುದಾ ಅಂತಲೂ ಯೋಚಿಸಿ. ತಮಿಳುನಾಡು 2017ರಲ್ಲೇ ರ್‍ಯಾಂಕ್ ಹೇಳುವುದನ್ನು ಬಿಟ್ಟಿತು. ಸಿಬಿಎಸ್‌ಇ ಕೂಡ ಮೆರಿಟ್ ಪಟ್ಟಿ ಕೊಡುತ್ತಿಲ್ಲ. ಅಲ್ಲಿಯ ಮಕ್ಕಳು ಓದುವುದನ್ನೇನೂ ಬಿಟ್ಟಿಲ್ಲ. ಆ ಸಮಯದಲ್ಲಿ ನೀವು ಫೇಲಾದ ಮಕ್ಕಳಿಗೆ ಎರಡು ಮಾತು ಹೇಳಬಹುದು. ಇನ್ನೂ ಎರಡು ಪರೀಕ್ಷೆ ಇವೆ, ಇಂಥ ದಿನ ರಿಸಲ್ಟ್, ಕಾಲೇಜು ನಿಮಗಾಗಿ ಕಾಯುತ್ತದೆ ಅಂತ. ಸಚಿವರ ಬಾಯಿಂದ ಟಿವಿಯಲ್ಲಿ ಆ ಮಾತು ಬಂದರೆ ನಮ್ಮ ಊರಿನ ತಂದೆಗೆ ಬೀಗರ ಮುಂದೆ ಹೇಳಲು ಒಂದು ಬಲ ಸಿಗುತ್ತದೆ.

ಕಾಲೇಜು ಕಾಯುತ್ತದೆ ಅಂದೆನಲ್ಲ, ಅದನ್ನೂ ನೀವೇ ನೋಡಿಕೊಳ್ಳಬೇಕು. ಎರಡನೇ ಪರೀಕ್ಷೆಯಲ್ಲಿ ಪಾಸಾದ ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ಒಳ್ಳೆಯ ಕಾಂಬಿನೇಷನ್ ತುಂಬಿರುತ್ತದೆ, ಹಾಸ್ಟೆಲ್ ಸೀಟು ಮುಗಿದಿರುತ್ತದೆ. ಹಾಸ್ಟೆಲ್ ಇಲ್ಲ ಅಂದರೆ ನಮ್ಮ ಹಳ್ಳಿಯ ಹುಡುಗಿಗೆ ಕಾಲೇಜೇ ಇಲ್ಲ. ಎರಡನೇ, ಮೂರನೇ ಪರೀಕ್ಷೆಯವರಿಗೆ ಅಂತ ಸರ್ಕಾರಿ ಕಾಲೇಜು ಮತ್ತು ಹಾಸ್ಟೆಲುಗಳಲ್ಲಿ ಸ್ವಲ್ಪ ಸೀಟು ಉಳಿಸಿಡಿ. ಅವಕಾಶ ಕೊಟ್ಟ ಮೇಲೆ ಜಾಗವನ್ನೂ ಕೊಡಬೇಕಲ್ವಾ?

ಇನ್ನು ತಂದೆ ತಾಯಂದಿರಿಗೆ. ನಾನು ನಿಮಗೆ ಬುದ್ಧಿ ಹೇಳುವ ಜಾಗದಲ್ಲಿ ಇಲ್ಲ. ಮಗಳಿಗೆ ಸುಳ್ಳು ಹೇಳಿ ಅಂಗಡಿಯಲ್ಲಿ ಕೂತವನು ನಾನು. ಆದರೆ ಒಂದು ಬೇಡಿಕೆ ಇದೆ. ರಿಸಲ್ಟಿನ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಅವತ್ತು ಒಂದು ದಿನದ ಕೂಲಿ ಹೋದರೆ ಹೋಗಲಿ. ಬೇರೆಯವರ ಮಕ್ಕಳಿಗೆ ಎಷ್ಟು ಬಂತು ಅಂತ ಅವತ್ತು ಕೇಳಬೇಡಿ. ಪಕ್ಕದ ಮನೆಯ ಮಗು ಎರಡನೇ ಪರೀಕ್ಷೆ ಬರೆದಿದ್ದರೆ "ಏನಾತು, ಏನಾತು" ಅಂತ ಹೋದಲ್ಲಿ ಬಂದಲ್ಲಿ ಕೇಳಬೇಡಿ. ಬಂದಾಗ ಅವರೇ ಹೇಳುತ್ತಾರೆ. ಮೊನ್ನೆ ರಾತ್ರಿ ನಾನು ಮಗಳ ಹತ್ತಿರ ಕೂತು, ಅವತ್ತು ನಾನು ಮಾಡಿದ್ದು ತಪ್ಪಾಯಿತವ್ವಾ ಅಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಈ ಸಲ ಇಬ್ಬರೂ ಕೂಡೇ ನೋಡೋಣಪ್ಪಾ. ಮನಿಯಾಗ" ಅಂದಳು. ಆಯಿತು ಅಂದಿದ್ದೇನೆ. ರಿಸಲ್ಟಿನ ದಿನ ಅಂಗಡಿಗೆ ನನ್ನ ತಮ್ಮ ಬಂದು ಕೂರುತ್ತಾನೆ. ಅವನು ರಾಯಚೂರಿನಿಂದ ಬರಬೇಕು. ಯಾವತ್ತು ಬರಬೇಕು ಅಂತ ಅವನೂ ಕೇಳುತ್ತಿದ್ದಾನೆ.

ಅಂಗಡಿಯ ಬಾಗಿಲಿಗೆ ಒಂದು ಕರಿ ಹಲಗೆ ನೇತುಹಾಕಿದ್ದೇನೆ. ಕರೆಂಟ್ ಇಲ್ಲದ ದಿನ, ಬೆಳೆ ವಿಮೆಯ ಕೊನೆಯ ದಿನ, ಇಂಥದ್ದನ್ನೆಲ್ಲಾ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಜೂನ್ 3ರ ಬೆಳಿಗ್ಗೆ "ಹತ್ತನೇ ಕ್ಲಾಸ್ ಎರಡನೇ ಪರೀಕ್ಷೆ ರಿಸಲ್ಟ್" ಅಂತ ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ಬೆಳಿಗ್ಗೆ ಬಸ್ಸಿಗೆ ನಿಂತ ಮಕ್ಕಳೂ, ಬಸ್ಸಿಗೆ ಹೋಗದ ಮಕ್ಕಳೂ ಅದನ್ನು ನೋಡಿ ಹೋಗುತ್ತಾರೆ. ತಾರೀಕು ಹೇಳಿದ ತಕ್ಷಣ ಬರೆಯುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಯಾದಗಿರಿ ಜಿಲ್ಲೆಯ ಒಬ್ಬ ತಂದೆ